ಶಿವನಸಮುದ್ರದಿಂದ ಕೆಜಿಎಫ್‌ಗೆ: ಒಂದು ತಂತಿಯ ಜಾಡು ಹಿಡಿದು

1902ರ ಜೂನ್ 30ರಂದು ಕಾವೇರಿಯ ನೀರಿನಿಂದ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್, ಸೇರಿತು. 1965ರಲ್ಲಿ ಅದೇ ಗಣಿಯ 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ, ಯಾವುದಕ್ಕೂ ತಾಗದಂತೆ ಹಾದುಹೋಗುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಸುಳಿವು ಸಿಕ್ಕಿತು. ಜಗತ್ತಿಗೆ ಅದನ್ನು ಮೊದಲು ವರದಿ ಮಾಡಿದ್ದು ಇಲ್ಲಿಂದಲೇ. ಈ ಎರಡೂ ಘಟನೆಗಳನ್ನು ಶಾಲೆಯ ಪುಸ್ತಕ ಒಂದೇ ಪುಟದಲ್ಲಿ ಹೇಳುವುದಿಲ್ಲ. ಆದರೆ ಆ ತಂತಿ ಇಲ್ಲದಿದ್ದರೆ ಗಣಿ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ, ಗಣಿ ಇಳಿಯದಿದ್ದರೆ ಆ ಪ್ರಯೋಗಕ್ಕೆ ಜಾಗವೇ ಇರುತ್ತಿರಲಿಲ್ಲ. ಬೆಂಗಳೂರನ್ನು ನಡುವೆ ಇಟ್ಟುಕೊಂಡು ಮೂರೂವರೆ ದಿನದಲ್ಲಿ ಈ ಜಾಡನ್ನು ಪೂರ್ತಿ ನೋಡಬಹುದು. ಜುಲೈನಿಂದ ಅಕ್ಟೋಬರ್ ಒಳಗೆ ಹೊರಡುವುದು ಒಳ್ಳೆಯದು. ಬೇಸಿಗೆಯಲ್ಲಿ ಹೋದರೆ ಮೊದಲ ದಿನ ಬರೀ ಬಂಡೆ ನೋಡಬೇಕಾಗುತ್ತದೆ.

ಮೊದಲ ದಿನ: ಬ್ಲಫ್

ಬೆಂಗಳೂರಿನಿಂದ ಕನಕಪುರ, ಹಲಗೂರು, ಮಳವಳ್ಳಿ ದಾಟಿ ಶಿವನಸಮುದ್ರಕ್ಕೆ ಸುಮಾರು 135 ಕಿ.ಮೀ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಒಂಬತ್ತೂವರೆಗೆ ಮುಟ್ಟಬಹುದು. ಬಸ್ಸಿನಲ್ಲಿ ಹೋಗುವವರು ಕೊಳ್ಳೇಗಾಲದ ಬಸ್ಸು ಹತ್ತಿ ಸತ್ತೇಗಾಲ ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿದು ಆಟೋ ಹಿಡಿಯಬೇಕು. ಎರಡು ಜಲಪಾತಗಳು ನಕಾಶೆಯಲ್ಲಿ ಅಕ್ಕಪಕ್ಕ ಕಂಡರೂ ರಸ್ತೆ ಸುತ್ತಿಕೊಂಡು ಹೋಗುತ್ತದೆ. ಗಗನಚುಕ್ಕಿ ಮಂಡ್ಯ ಜಿಲ್ಲೆಯ ಕಡೆ, ಭರಚುಕ್ಕಿ ಚಾಮರಾಜನಗರದ ಕಡೆ. ಆಟೋದವರ ಜೊತೆ ಎರಡಕ್ಕೂ ಸೇರಿಸಿ ಮೊದಲೇ ಮಾತಾಡಿಕೊಳ್ಳಿ.

ಗಗನಚುಕ್ಕಿಯಲ್ಲಿ ವೀಕ್ಷಣಾ ಸ್ಥಳ ಬಿಟ್ಟು ಕೆಳಗೆ ಇಳಿಯಬಾರದು. ಬಂಡೆ ಪಾಚಿಗಟ್ಟಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಮೇಲಿನ ಕಟ್ಟೆಗಳಿಂದ ನೀರು ಬಿಟ್ಟರೆ ಹೊಳೆ ಏರುವುದು ಇಲ್ಲಿ ನಿಂತವರಿಗೆ ಮುಂಚಿತವಾಗಿ ತಿಳಿಯುವುದಿಲ್ಲ. ಆಕಾಶ ತಿಳಿಯಾಗಿದೆ ಎಂದು ನಂಬಿ ಇಳಿದವರೇ ಹೆಚ್ಚಾಗಿ ಸಿಕ್ಕಿಬಿದ್ದಿರುವುದು. ಮಳೆ ಬಿದ್ದಿದ್ದು ಕೊಡಗಿನಲ್ಲೋ ವಯನಾಡಿನಲ್ಲೋ ಆಗಿರುತ್ತದೆ.

ವಿದ್ಯುತ್ ಕೇಂದ್ರವಿರುವ ಜಾಗವನ್ನು ಸುತ್ತಲಿನವರು ಬ್ಲಫ್ ಎನ್ನುತ್ತಾರೆ. ಒಳಗೆ ಹೋಗಲು ಕರ್ನಾಟಕ ವಿದ್ಯುತ್ ನಿಗಮದ ಅನುಮತಿ ಬೇಕು. ಗೇಟಿನಲ್ಲಿ ಕೇಳಿಕೊಂಡರೆ ಬಿಡುವುದಿಲ್ಲ, ಮೊದಲೇ ಲಿಖಿತವಾಗಿ ತೆಗೆದುಕೊಂಡಿರಬೇಕು. ಅನುಮತಿ ಸಿಗದಿದ್ದರೂ ನೀರಿನ ದಾರಿ ಹೊರಗಿನಿಂದ ಅರ್ಥವಾಗುತ್ತದೆ. ಮೇಲೆ ಹೊಳೆಗೆ ಅಡ್ಡ ಒಡ್ಡು, ಅಲ್ಲಿಂದ ನಾಲೆ, ನಾಲೆಯ ಕೊನೆಯಲ್ಲಿ ಕಸ ತಡೆಯುವ ಜಾಲರಿ ಹಾಕಿದ ತೊಟ್ಟಿ, ತೊಟ್ಟಿಯಿಂದ ಇಳಿಜಾರಿನಲ್ಲಿ ಜಾರುವ ದಪ್ಪ ಕಬ್ಬಿಣದ ಕೊಳವೆಗಳು, ಬುಡದಲ್ಲಿ ಟರ್ಬೈನ್. ಬೀಳುವ ಎತ್ತರ ಸುಮಾರು 400 ಅಡಿ.

ಲೆಕ್ಕ ಸರಳ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 120 ಮೀಟರ್ ಬಿದ್ದರೆ ಸಿಗುವ ಶಕ್ತಿ ಸುಮಾರು 1.18 ಮೆಗಾವ್ಯಾಟ್. ಕೊಳವೆಯ ಘರ್ಷಣೆ, ಟರ್ಬೈನು, ಜನರೇಟರು ತಿನ್ನುವುದನ್ನು ಕಳೆದರೆ ಕೈಗೆ ಬರುವುದು ಮುಕ್ಕಾಲು ಪಾಲು ಎಂದಿಟ್ಟುಕೊಳ್ಳಿ. ಮೊದಲಿಗೆ ಕೂರಿಸಿದ್ದು 720 ಕಿಲೋವ್ಯಾಟ್‌ನ ಆರು ಯಂತ್ರ, ಒಟ್ಟು 4.3 ಮೆಗಾವ್ಯಾಟ್. ಅದಕ್ಕೆ ಬೇಕಾದ ನೀರು ಸೆಕೆಂಡಿಗೆ ಐದು ಘನ ಮೀಟರ್ ಆಸುಪಾಸು, ಪತ್ರಿಕೆಯ ಭಾಷೆಯಲ್ಲಿ ಸುಮಾರು 175 ಕ್ಯೂಸೆಕ್. ಮಳೆಗಾಲದಲ್ಲಿ ಸಾವಿರಾರು ಕ್ಯೂಸೆಕ್ ಧುಮುಕುವ ಕಡೆ ಇದು ಲೆಕ್ಕಕ್ಕೇ ಬಾರದ ನೀರು. ಏಪ್ರಿಲ್‌ನಲ್ಲಿ ಮಾತ್ರ ಇದೇ ದೊಡ್ಡ ಮಾತು. ಹೊಳೆ ಬತ್ತಿದರೆ ಗಣಿಯ ಮೋಟಾರು ನಿಲ್ಲುತ್ತಿತ್ತು.

ಕನ್ನಂಬಾಡಿ ಕಟ್ಟೆಯ ಕಥೆ ಇಲ್ಲಿಂದಲೂ ಶುರುವಾಗುತ್ತದೆ. ಕಾವೇರಿ ವಿವಾದವೆಂದರೆ ನಮ್ಮ ಕಿವಿಗೆ ಬೀಳುವುದು ಭತ್ತ, ಕಬ್ಬು, ಕುಡಿಯುವ ನೀರು. ಆದರೆ 1911ರಲ್ಲಿ ಕಟ್ಟೆ ಶುರುವಾದಾಗ ಮುಂದಿಟ್ಟ ಕಾರಣಗಳಲ್ಲಿ ಒಂದು, ಬೇಸಿಗೆಯಲ್ಲೂ ಗಣಿಗೆ ಕರೆಂಟು ಕೊಡುವಷ್ಟು ನೀರು ಶಿವನಸಮುದ್ರಕ್ಕೆ ಹರಿಸಬೇಕು ಎಂಬುದು. ಮದ್ರಾಸ್ ಸರ್ಕಾರ ಒಪ್ಪಿದ್ದು ಕಡಿಮೆ ಎತ್ತರಕ್ಕೆ. ವಿಶ್ವೇಶ್ವರಯ್ಯನವರು ಅಡಿಪಾಯವನ್ನು ಪೂರ್ತಿ ಎತ್ತರದ ಕಟ್ಟೆ ತಾಳುವಷ್ಟು ಅಗಲಕ್ಕೆ ಹಾಕಿಸಿದರು. ಮಧ್ಯಸ್ಥಿಕೆ, ಮೇಲ್ಮನವಿ ಎಲ್ಲ ಮುಗಿದು 1924ರ ಒಪ್ಪಂದ ಬಂತು. ಎಂಜಿನಿಯರಿಂಗ್ ಬೇರೆ, ರಾಜಕೀಯ ಬೇರೆ ಎನ್ನುವವರು ಆ ಅಡಿಪಾಯದ ಅಗಲವನ್ನೊಮ್ಮೆ ನೆನೆಯಬೇಕು. ಒಪ್ಪಂದಕ್ಕೆ ವರ್ಷಗಳ ಮುಂಚೆಯೇ ರಾಜ್ಯದ ನಿಲುವನ್ನು ಕಲ್ಲುಗಾರೆಯಲ್ಲಿ ಕಟ್ಟಿ ಇಟ್ಟಿದ್ದರು.

ಮೂಲ ಯೋಜನೆಯ ಶ್ರೇಯಸ್ಸು ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರಿಗೆ ಸಲ್ಲುತ್ತದೆ. ಆ ವರ್ಷಗಳಲ್ಲಿ ಮೈಸೂರನ್ನು ಆಳುತ್ತಿದ್ದವರು ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ. ದೇಶದಲ್ಲಿ ಇಷ್ಟು ದೊಡ್ಡದಾಗಿ ಯಾರೂ ನಡೆಸಿ ನೋಡಿರದ ತಂತ್ರಜ್ಞಾನಕ್ಕೆ ಬೊಕ್ಕಸದ ದುಡ್ಡು ಸುರಿಯಲು ಒಪ್ಪುವುದು ಸಣ್ಣ ಧೈರ್ಯವಲ್ಲ. ಶೇಷಾದ್ರಿ ಅಯ್ಯರ್ ಕೇಂದ್ರ ಶುರುವಾಗುವ ಮೊದಲೇ, 1901ರಲ್ಲಿ ತೀರಿಕೊಂಡರು.

ಇಲ್ಲಿ ಕೇಳಿಬರುವ ಎರಡು ಹೆಮ್ಮೆಯ ಮಾತುಗಳನ್ನು ತಿದ್ದಿಕೊಳ್ಳಬೇಕು. "ಏಷ್ಯಾದ ಮೊದಲ ಜಲವಿದ್ಯುತ್" ಎನ್ನುತ್ತಾರೆ. ಡಾರ್ಜಿಲಿಂಗ್ ಪಕ್ಕದ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಚಿಕ್ಕ ಕೇಂದ್ರವಿತ್ತು. "ಜಗತ್ತಿನ ಅತಿ ಉದ್ದದ ತಂತಿ" ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ವರ್ಷವೇ ಇದಕ್ಕಿಂತ ಉದ್ದದ ತಂತಿ ಎಳೆದಾಗಿತ್ತು. ನಿಜವಾದ ದೊಡ್ಡತನ ಬೇರೆ ಕಡೆ ಇದೆ. ದೇಶದಲ್ಲಿ ವಿದ್ಯುತ್ತನ್ನು ದೀಪಕ್ಕಷ್ಟೇ ಅಲ್ಲದೆ ಕೈಗಾರಿಕೆಗೆ, ಅದೂ ಇಷ್ಟು ದೂರಕ್ಕೆ, ದೊಡ್ಡ ಪ್ರಮಾಣದಲ್ಲಿ ಕೊಟ್ಟ ಕೆಲಸ ಇದು. ಅಷ್ಟು ಸಾಲದೇ? ಸುಳ್ಳು ಸೇರಿಸಿದ ಕೂಡಲೇ ನಿಜಕ್ಕೂ ಬೆಲೆ ಕಡಿಮೆಯಾಗುತ್ತದೆ.

ದೂರಕ್ಕೆ ಕಳಿಸಲು ವೋಲ್ಟೇಜ್ ಏರಿಸಿದ್ದು ಏಕೆ? ಒಂದೇ ಶಕ್ತಿಯನ್ನು 2,000 ವೋಲ್ಟ್ ಬದಲು 30,000 ವೋಲ್ಟ್‌ನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಹದಿನೈದನೇ ಒಂದು ಪಾಲಾಗುತ್ತದೆ. ತಂತಿ ಕಾದು ನಷ್ಟವಾಗುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ, ಹಾಗಾಗಿ ನಷ್ಟ 225ನೇ ಒಂದು ಪಾಲಿಗೆ ಇಳಿಯುತ್ತದೆ. ಆರಂಭದಲ್ಲಿ ಇಲ್ಲಿನ ಕರೆಂಟು ಸೆಕೆಂಡಿಗೆ 25 ಆವರ್ತದ್ದು, ಈಗಿನಂತೆ 50 ಅಲ್ಲ. ಆವರ್ತ ಕಡಿಮೆಯಿದ್ದಷ್ಟೂ ಉದ್ದದ ತಂತಿಯಲ್ಲಿ ವೋಲ್ಟೇಜ್ ಕುಸಿತ ಕಡಿಮೆ, ನಿಧಾನಕ್ಕೆ ತಿರುಗುವ ದೊಡ್ಡ ಮೋಟಾರುಗಳಿಗೂ ಅನುಕೂಲ. ತೊಂದರೆ ದೀಪಕ್ಕೆ: 25 ಆವರ್ತದಲ್ಲಿ ಬಲ್ಬಿನ ಬೆಳಕು ಕಣ್ಣಿಗೆ ಗೊತ್ತಾಗುವಂತೆ ನಡುಗುತ್ತದೆ. ಗಣಿಗೆ ಒಪ್ಪುವುದನ್ನು ಆರಿಸಿಕೊಂಡರು, ಮನೆಗೆ ಒಪ್ಪುವುದನ್ನಲ್ಲ.

ಮಧ್ಯಾಹ್ನ ಭರಚುಕ್ಕಿ, ಆಮೇಲೆ ಮಧ್ಯರಂಗನ ಗುಡಿ. ಊಟಕ್ಕೆ ಮಳವಳ್ಳಿಗೆ ಬನ್ನಿ. ಮುದ್ದೆ, ಬಸ್ಸಾರು ಎರಡು ಗಂಟೆ ದಾಟಿದರೆ ಮುಗಿದಿರುತ್ತದೆ.

ಎರಡನೇ ದಿನ: ಬೆಂಗಳೂರು

ಬೆಂಗಳೂರಿನಲ್ಲಿ ನೋಡುವುದು ಕಡಿಮೆ, ನೆನೆಯುವುದು ಹೆಚ್ಚು. 1905ರ ಆಗಸ್ಟ್ 5ರಂದು ನಗರಕ್ಕೆ ವಿದ್ಯುತ್ ದೀಪ ಬಂತು. ಗಣಿಗೆ ಬಂದು ಮೂರು ವರ್ಷದ ಮೇಲೆ! ಮೈಸೂರು ಇನ್ನೂ ಮೂರು ವರ್ಷ ಕಾಯಿತು. ತಂತಿ ಹಾದುಹೋದ ಹಳ್ಳಿಗಳು ಎಷ್ಟೋ ದಶಕ ಕಾದವು. ತಲೆಯ ಮೇಲೆ 30,000 ವೋಲ್ಟ್ ಹರಿಯುತ್ತಿದ್ದರೂ ಮನೆಯೊಳಗೆ ಹರಳೆಣ್ಣೆ, ಸೀಮೆಎಣ್ಣೆಯ ಬುಡ್ಡಿ. ತಾಂತ್ರಿಕ ಕಾರಣ ಇತ್ತು: ಎತ್ತರದ ವೋಲ್ಟೇಜ್ ತಂತಿಯಿಂದ ನೇರವಾಗಿ ಒಂದು ಮನೆಗೆ ಎಳೆಯಲಾಗದು, ಟ್ರಾನ್ಸ್‌ಫಾರ್ಮರು, ಉಪಕೇಂದ್ರ ಬೇಕು. ಆದರೆ ಉಪಕೇಂದ್ರ ಎಲ್ಲಿ ಇಡಬೇಕೆಂದು ಭೌತಶಾಸ್ತ್ರ ಹೇಳುವುದಿಲ್ಲ, ದುಡ್ಡು ಹೇಳುತ್ತದೆ. ಮೊಬೈಲ್ ಟವರಿನ ವಿಷಯದಲ್ಲೂ ಇದೇ ಮಾತು ನಡೆಯುತ್ತಿದೆ.

ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಎದುರು ಅವರ ಪ್ರತಿಮೆ ಇದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಮಕ್ಕಳಿದ್ದರೆ ಎಂಜಿನ್ ಹಾಲ್ ಮತ್ತು ವಿದ್ಯುತ್ ವಿಭಾಗಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ನಿನ್ನೆ ಹೊರಗಿನಿಂದ ಊಹಿಸಿದ ಟರ್ಬೈನು, ಟ್ರಾನ್ಸ್‌ಫಾರ್ಮರು ಇಲ್ಲಿ ಕೈಗೆ ಸಿಗುವಷ್ಟು ಹತ್ತಿರ.

ಮಧ್ಯಾಹ್ನ ಭಾರತೀಯ ವಿಜ್ಞಾನ ಸಂಸ್ಥೆ, ನಗರದ ಬಾಯಲ್ಲಿ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್. ವರ್ಷಕ್ಕೊಮ್ಮೆ ನಡೆಯುವ ಓಪನ್ ಡೇ ದಿನ ಲ್ಯಾಬುಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಸಾಧ್ಯವಾದರೆ ಪ್ರವಾಸವನ್ನು ಅದಕ್ಕೆ ಹೊಂದಿಸಿಕೊಳ್ಳಿ, ಆಗ ಜಲಪಾತವನ್ನು ಮಳೆಗಾಲಕ್ಕೆ ಬೇರೆಯಾಗಿ ಇಟ್ಟುಕೊಳ್ಳಬೇಕಾಗುತ್ತದೆ. 1909ರಲ್ಲಿ ಶುರುವಾದ ಈ ಸಂಸ್ಥೆಗೆ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ಸಂಶೋಧನೆಗೆ ಅಗತ್ಯವಾದ ಕರೆಂಟು ಊರಿನಲ್ಲಿ ಆಗಲೇ ಇತ್ತು. ಎರಡನೇ ಮಹಾಯುದ್ಧದ ಸಮಯದಲ್ಲಿ ಹೋಮಿ ಭಾಭಾ ಇಲ್ಲಿ ವಿಶ್ವಕಿರಣಗಳ, ಅಂದರೆ ಬಾಹ್ಯಾಕಾಶದಿಂದ ಬರುವ ಕಣಗಳ, ಅಧ್ಯಯನಕ್ಕೆ ಕೂತರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಿಐಎಫ್ಆರ್, 1945ರಲ್ಲಿ ಹುಟ್ಟಿದ್ದು ಇದೇ ಆವರಣದಲ್ಲಿ. ಅದೇ ವರ್ಷ ಬೊಂಬಾಯಿಗೆ ಹೋಯಿತು.

ನಾಳೆಯ ಕಥೆಯ ಮುಖ್ಯ ವ್ಯಕ್ತಿ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಬೊಂಬಾಯಿಯ ಟಿಐಎಫ್ಆರ್ ಸೇರಿ, ಸಂಶೋಧನಾ ವಿದ್ಯಾರ್ಥಿಯಾಗಿ ಕೆಜಿಎಫ್ ಗಣಿಗೆ ಇಳಿದರು. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರಿ, ಅಲ್ಲಿಂದ ಶಿವನಸಮುದ್ರಕ್ಕೆ ಹರಿಯುತ್ತಾಳೆ.

ಮೂರನೇ ದಿನ: ಗಣಿ

ರೈಲಿನಲ್ಲೇ ಹೋಗಿ. ಬೆಂಗಳೂರಿನಿಂದ ಮಾರಿಕುಪ್ಪಂಗೆ ಹೋಗುವ ಗಾಡಿಗಳು ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗ ಬಿಟ್ಟು, ಗಣಿಗೆಂದೇ ಹಾಕಿದ ಕವಲು ಹಿಡಿಯುತ್ತವೆ. ಕೋರಮಂಡಲ್, ಊರಗಾಂ, ಚಾಂಪಿಯನ್, ಮಾರಿಕುಪ್ಪಂ, ಹೀಗೆ ಗಣಿಗಳ ನೆನಪಿನ ಹೆಸರುಗಳೇ ನಿಲ್ದಾಣಗಳಿಗೂ. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಹಿಂದಿನ ದಿನ ನೋಡಿಕೊಳ್ಳಿ. ಬೆಳಗಿನ ಗಾಡಿಗಳು ಕೆಲಸಕ್ಕೆ ಬೆಂಗಳೂರಿಗೆ ಬರುವವರಿಂದ ತುಂಬಿರುತ್ತವೆ, ಎದುರು ದಿಕ್ಕಿನಲ್ಲಿ ಹೋಗುವವರಿಗೆ ಆರಾಮಾಗಿ ಸೀಟು. ಅದನ್ನೇ ಗಮನಿಸಬೇಕು. ನೂರು ವರ್ಷ ಜನರನ್ನು ಒಳಗೆ ಎಳೆದುಕೊಂಡ ಊರು ಈಗ ದಿನಾ ಬೆಳಿಗ್ಗೆ ಹೊರಗೆ ಕಳಿಸುತ್ತಿದೆ.

ಇಳಿದ ಕೂಡಲೇ ಕಾಣುವುದು ಸೈನೈಡ್ ಗುಡ್ಡಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಅದು. ಫೋಟೋಕ್ಕೆಂದು ಹತ್ತಬೇಡಿ. ಮಳೆಯಲ್ಲಿ ಕುಸಿಯುತ್ತದೆ, ಗಾಳಿಗೆ ಏಳುವ ದೂಳಿನಲ್ಲಿ ಸಿಲಿಕಾ ಇದೆ. ಐದು ಮೈಕ್ರಾನ್‌ಗಿಂತ ಚಿಕ್ಕ ಸಿಲಿಕಾ ಕಣ ಮೂಗು, ಗಂಟಲು ದಾಟಿ ಶ್ವಾಸಕೋಶದ ತುದಿಯ ಚೀಲಗಳಿಗೆ ಇಳಿಯುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಸುತ್ತಲಿನ ಅಂಗಾಂಶ ಗಟ್ಟಿಯಾಗುತ್ತಾ ಹೋಗುತ್ತದೆ. ಸಿಲಿಕೋಸಿಸ್ ಎಂಬ ಹೆಸರು ನಮ್ಮ ದೇಶದ ವೈದ್ಯಕೀಯ ದಾಖಲೆಗೆ ಮೊದಲು ಬಂದಿದ್ದೇ ಈ ಗಣಿಗಳಿಂದ. ಬಂಡೆ ಕೊರೆಯುವಾಗ ನೀರು ಹಾಯಿಸಿದರೆ ದೂಳು ಬಹುಮಟ್ಟಿಗೆ ಕೂರುತ್ತದೆ. ಒಣ ಕೊರೆತದಲ್ಲಿ ಕೆಲಸ ಬೇಗ ಸಾಗುತ್ತದೆ, ಎದೆ ಬೇಗ ಹಾಳಾಗುತ್ತದೆ.

ಚಾಂಪಿಯನ್ ರೀಫ್ ಕಡೆ ನಡೆದರೆ ಶಾಫ್ಟ್‌ಗಳ, ಅಂದರೆ ಗಣಿಗೆ ಇಳಿಯುವ ಆಳದ ಬಾವಿಗಳ, ಮೇಲಿನ ಕಬ್ಬಿಣದ ಗೋಪುರಗಳು ಕಾಣುತ್ತವೆ. ಬೇಲಿ ದಾಟುವುದು ನಿಷಿದ್ಧ, ಅಪಾಯವೂ ಹೌದು. ಇಲ್ಲಿನ ಗಣಿ ಇಳಿದಿದ್ದು ಸುಮಾರು 3.2 ಕಿಲೋಮೀಟರ್ ಆಳಕ್ಕೆ. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತದೆ, ತಣ್ಣಗಿನ ಗಾಳಿ ಊದದೆ ಮನುಷ್ಯ ನಿಲ್ಲಲಾರ. ಮೇಲಿನ ಭಾರಕ್ಕೆ ಬಂಡೆ ಸಿಡಿಯುವುದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ. ಕಲ್ಲು ತೆಗೆದ ಕಡೆ ಟೊಳ್ಳಾಗಿ, ಒತ್ತಡವೆಲ್ಲ ಉಳಿದ ಕಂಬಗಳ ಮೇಲೆ ಬಿದ್ದು, ತಡೆಯಲಾರದಾಗ ಒಮ್ಮೆಗೇ ಒಡೆಯುತ್ತದೆ. ಮೇಲಿನ ಮನೆಗಳ ಪಾತ್ರೆಗಳೂ ಅಲುಗುತ್ತವೆ. ಗಾಳಿ ಊದುವುದು, ನೀರು ಎತ್ತುವುದು, ಜನರನ್ನು ಒಯ್ಯುವ ಲಿಫ್ಟಿನಂಥ ಕೇಜ್ ಇಳಿಸುವುದು ಎಲ್ಲಕ್ಕೂ ಬೇಕಾಗಿದ್ದು ಶಿವನಸಮುದ್ರದ ಕರೆಂಟು.

ಈಗ ಆ ಪ್ರಯೋಗದ ಮಾತು. ಅಂಗೈಯನ್ನು ಬಯಲಲ್ಲಿ ಒಂದು ನಿಮಿಷ ಚಾಚಿ ಹಿಡಿಯಿರಿ. ಆಕಾಶದಿಂದ ಬರುವ ಮ್ಯುಯಾನ್ ಎಂಬ ಕಣಗಳು ನೂರರ ಆಸುಪಾಸು ಅದರ ಮೂಲಕ ಹಾದುಹೋಗುತ್ತವೆ. ನ್ಯೂಟ್ರಿನೋ ಹಿಡಿಯಲು ಕೂತವರಿಗೆ ಈ ಮ್ಯುಯಾನ್‌ಗಳೇ ಗದ್ದಲ. ಕಿವಿಗೆ ಪಿಸುಮಾತು ಕೇಳಬೇಕಾದರೆ ಸಂತೆಯಿಂದ ಹೊರಗೆ ಬರಬೇಕಲ್ಲ. ಇಲ್ಲಿನ ಬಂಡೆ ಸಾಮಾನ್ಯ ಕಲ್ಲಿಗಿಂತ ತೂಕದ್ದು, ನೀರಿನ ಮೂರು ಪಟ್ಟು ಸಾಂದ್ರತೆಯದು. 2.3 ಕಿ.ಮೀ. ಇಳಿದರೆ ಒಂದು ಚದರ ಮೀಟರ್ ಜಾಗಕ್ಕೆ ಹಲವು ದಿನಕ್ಕೊಂದು ಮ್ಯುಯಾನ್ ಬಂದರೆ ಹೆಚ್ಚು. ಶ್ರೀಕಂಠನ್ 1950ರ ದಶಕದ ಆರಂಭದಿಂದ ಆಳ ಹೆಚ್ಚಿದಂತೆ ಮ್ಯುಯಾನ್ ಎಷ್ಟು ಕಡಿಮೆಯಾಗುತ್ತದೆಂದು ಅಳೆದರು. 1960ರ ದಶಕದ ಮೊದಲಲ್ಲಿ ಇನ್ನೂ ಕೆಳಗೆ, 2,760 ಮೀಟರಿನಲ್ಲಿ, ವಾರಗಟ್ಟಲೆ ಕಾದರೂ ಒಂದೂ ಬರಲಿಲ್ಲ. ಏನೂ ಸಿಗದ ಈ ಫಲಿತಾಂಶವೇ ಮುಂದಿನ ಬಾಗಿಲು ತೆರೆಯಿತು: ಇಷ್ಟು ನಿಶ್ಶಬ್ದವಿದ್ದರೆ ನ್ಯೂಟ್ರಿನೋ ಸದ್ದು ಕೇಳಬಹುದು.

ಜಾಗ ಹೀತ್‌ಕೋಟ್ ಶಾಫ್ಟ್. ಟಿಐಎಫ್ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯ ಸೇರಿ ಮಾಡಿದ ಕೆಲಸ. ಉಪಾಯ ಅಂದವಾಗಿದೆ. ಮೇಲಿನಿಂದ ನೇರ ಬರುವ ಮ್ಯುಯಾನ್‌ಗೆ 2.3 ಕಿ.ಮೀ. ಕಲ್ಲು ಅಡ್ಡ. 60 ಡಿಗ್ರಿ ಓರೆಯಾಗಿ ಬಂದರೆ ಅದೇ ದಾರಿ ಎರಡು ಪಟ್ಟು, 4.6 ಕಿ.ಮೀ. ಅಷ್ಟು ಕಲ್ಲನ್ನು ಯಾವ ಮ್ಯುಯಾನೂ ದಾಟಿ ಬಾರದು ಎನ್ನಬಹುದು. ಆದ್ದರಿಂದ ಅಡ್ಡಡ್ಡವಾಗಿ ಒಂದು ಮ್ಯುಯಾನ್ ಕಂಡರೆ ಅದು ಆಕಾಶದಿಂದ ಬಂದದ್ದಲ್ಲ, ಪಕ್ಕದ ಬಂಡೆಯಲ್ಲೇ ನ್ಯೂಟ್ರಿನೋ ಬಡಿದು ಹುಟ್ಟಿಸಿದ್ದು. ಹಾಗಾಗಿ ಯಂತ್ರವನ್ನು ನೆಲಕ್ಕೆ ಹಾಸದೆ ಗೋಡೆಯಂತೆ ನಿಲ್ಲಿಸಿದರು. ಎರಡು ಬದಿ ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆಗಳು, ಕಣ ಹಾದರೆ ಅವುಗಳಲ್ಲಿ ಸಣ್ಣ ಮಿಂಚು. ನಡುವೆ ಸೀಸದ ತಡಿಕೆ, ಮತ್ತು ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲು. ಎರಡೂ ಬದಿ ಒಟ್ಟಿಗೆ ಮಿಂಚಿದರೆ ಆ ಕ್ಷಣವೇ ಕೊಳವೆಗಳ ಮೇಲೆ ಹೈ ವೋಲ್ಟೇಜ್ ಹೊಡೆತ. ಕಣ ಹಾದ ಕೊಳವೆಗಳಷ್ಟೇ ಕೆಂಪಗೆ ಹೊತ್ತಿಕೊಳ್ಳುತ್ತವೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಚಿತ್ರದಲ್ಲಿ ಹೊತ್ತಿದ ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದರೆ ಬಂದ ದಿಕ್ಕು ಸಿಗುತ್ತದೆ. ಗಣಿಯ ಸೆಕೆಯಲ್ಲಿ ಇಂಥ ಯಂತ್ರಕ್ಕೆ ದೊಡ್ಡ ಶತ್ರು ತೇವ. ನೀರಿನ ಪಸೆ ಕೂತ ನಿರೋಧಕದ ಮೇಲೆ ಹೈ ವೋಲ್ಟೇಜ್ ಸೋರಿ ಸುಳ್ಳು ಸಂಕೇತ ಕೊಡುತ್ತದೆ. ಇನ್ನೊಂದು ಕಟ್ಟಳೆ ಕೇಜಿನದು: ಅದರೊಳಗೆ ಹಿಡಿಸದ್ದು ಕೆಳಗೆ ಹೋಗುವುದೇ ಇಲ್ಲ.

1965ರ ಆಗಸ್ಟ್ ಮಧ್ಯದಲ್ಲಿ ಕೆಜಿಎಫ್‌ನ ಪ್ರಬಂಧ ಅಚ್ಚಾಯಿತು. ಅದೇ ತಿಂಗಳ ಕೊನೆಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ ಫ್ರೆಡರಿಕ್ ರೈನ್ಸ್ ತಂಡದ್ದು. 1980ರಲ್ಲಿ, ಪರಮಾಣುವಿನೊಳಗಿನ ಪ್ರೋಟಾನು ತಾನಾಗಿ ಒಡೆದು ಸಾಯುತ್ತದೆಯೇ ಎಂದು ನೋಡಲು 140 ಟನ್ ತೂಕದ ಕಬ್ಬಿಣದ ಯಂತ್ರ ಇದೇ ಗಣಿಯಲ್ಲಿ ನಿಂತಿತು, ಮುಂದೆ 260 ಟನ್‌ನ ಇನ್ನೊಂದು. ಕೆಲವು ಘಟನೆಗಳು ಆಸೆ ಹುಟ್ಟಿಸಿದವು, ಬೇರೆಡೆಯ ಪ್ರಯೋಗಗಳಲ್ಲಿ ಸಮರ್ಥನೆ ಸಿಗಲಿಲ್ಲ. 1990ರ ದಶಕದ ಆರಂಭಕ್ಕೆ ಪ್ರಯೋಗ ಮುಗಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಪಂಪು ನಿಂತಿತು, ನೀರು ಏರಿತು.

ಅಮೆರಿಕದ ಹೋಮ್‌ಸ್ಟೇಕ್ ಕೂಡ ಚಿನ್ನದ ಗಣಿ. ಅಲ್ಲಿ ಸೂರ್ಯನ ನ್ಯೂಟ್ರಿನೋ ಎಣಿಸಿದ ರೇ ಡೇವಿಸ್‌ಗೆ 2002ರಲ್ಲಿ ನೊಬೆಲ್ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಗಣಿಯೂ ಮುಚ್ಚಿತು, ಅಲ್ಲೂ ಪಂಪು ನಿಂತು ನೀರು ಏರಿತು. ಆದರೆ ರಾಜ್ಯ ಸರ್ಕಾರ ಗಣಿಯನ್ನು ವಹಿಸಿಕೊಂಡು, ನೀರು ಎತ್ತಿಸಿ, ಪ್ರಯೋಗಶಾಲೆ ಮಾಡಿತು. ನಾವು ಹಾಗೆ ಮಾಡಲಿಲ್ಲ. ಹೊಸ ನ್ಯೂಟ್ರಿನೋ ಕೇಂದ್ರಕ್ಕೆ ಬೆಟ್ಟ ಹುಡುಕಿಕೊಂಡು ನೀಲಗಿರಿಯ ಸಿಂಗಾರಕ್ಕೆ ಹೋದೆವು, ಹುಲಿ ಕಾಡಿನ ಕಾರಣಕ್ಕೆ ಅನುಮತಿ ಸಿಗಲಿಲ್ಲ. ತೇನಿ ಜಿಲ್ಲೆಯ ಬೋಡಿ ಬೆಟ್ಟಕ್ಕೆ ಹೋದೆವು, ಜನರ ವಿರೋಧ, ನ್ಯಾಯಾಲಯ ಎಂದು ಅಲ್ಲೂ ನಿಂತಿದೆ. ನ್ಯೂಟ್ರಿನೋದಿಂದ ಕ್ಯಾನ್ಸರ್ ಬರುತ್ತದೆ ಎಂಬ ಭಯ ತಪ್ಪು. ಅವು ಪ್ರತಿ ಸೆಕೆಂಡ್ ಲಕ್ಷ ಕೋಟಿಗಟ್ಟಲೆ ನಮ್ಮೆಲ್ಲರ ಮೈ ಹಾಯ್ದು ಹೋಗುತ್ತಿವೆ. ಆದರೆ ಸುರಂಗ ಸಿಡಿಸುವಾಗಿನ ದೂಳು, ನೀರಿನ ಸೆಲೆ, ಲಾರಿಗಳ ಓಡಾಟದ ಬಗ್ಗೆ ಊರಿನವರು ಕೇಳಿದ ಪ್ರಶ್ನೆಗಳು ತಪ್ಪಲ್ಲ. ಮೊದಲ ದಿನವೇ ತಮಿಳಿನಲ್ಲಿ, ಊರಿನ ಕಟ್ಟೆಯ ಮೇಲೆ ಕೂತು ಉತ್ತರ ಹೇಳಬೇಕಿತ್ತು. ಇದು ವಿಜ್ಞಾನಿಗಳು ಒಪ್ಪಿಕೊಳ್ಳಬೇಕಾದ ಕೊರತೆ.

ಸಂಜೆ ಲೈನ್ ಮನೆಗಳ, ಅಂದರೆ ಗಣಿ ಕಾರ್ಮಿಕರ ಸಾಲು ಮನೆಗಳ, ಕಡೆ ನಡೆಯಿರಿ. ಉತ್ತರ ಆರ್ಕಾಟಿನಿಂದ ಬಂದ ದಲಿತ ಕುಟುಂಬಗಳು ಇಲ್ಲಿ ತಲೆಮಾರುಗಟ್ಟಲೆ ಬದುಕಿವೆ. ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತೆಗೆಯಲು ಹೊರಟಾಗ ಇಡೀ ಊರು ಮುಷ್ಕರ ಹೂಡಿತು. 1965ರ ನ್ಯೂಟ್ರಿನೋ ಪ್ರಬಂಧದಲ್ಲಿ ವಿಜ್ಞಾನಿಗಳ ಹೆಸರಿದೆ. ಕೇಜ್ ಇಳಿಸಿದವರು, ಪ್ರಯೋಗಕ್ಕೆ ಗುಹೆ ಕೊರೆದವರು, ಸೀಸ ಹೊತ್ತವರು ಈ ಸಾಲುಗಳಿಂದ ಹೋದವರು. ಯಾರಾದರೂ ಮಾತಿಗೆ ಸಿಕ್ಕರೆ ಮೊಬೈಲ್ ಒಳಗಿಟ್ಟು ಕೇಳಿಸಿಕೊಳ್ಳಿ. ರಾಬರ್ಟ್‌ಸನ್‌ಪೇಟೆಯಲ್ಲಿ ಊಟ, ಉಳಿಯಲು ಸಾಧಾರಣ ಲಾಡ್ಜುಗಳಿವೆ.

ನಾಲ್ಕನೇ ದಿನ, ಮಧ್ಯಾಹ್ನದವರೆಗೆ

ಬೇತಮಂಗಲಕ್ಕೆ ಬೆಳಿಗ್ಗೆ ಬಸ್ಸುಂಟು. ಪಾಲಾರ್ ಹೊಳೆಗೆ ಕಟ್ಟಿದ ಈ ಕೆರೆಯಿಂದ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಗಣಿ ಊರಿಗೆ ಕುಡಿಯುವ ನೀರು ಏರಿಸಿದರು. 1892ರ ಮೈಸೂರು–ಮದ್ರಾಸ್ ಒಪ್ಪಂದದ ಹೊಳೆಗಳ ಪಟ್ಟಿಯಲ್ಲಿ ಕಾವೇರಿಯ ಜೊತೆ ಪಾಲಾರ್ ಕೂಡ ಇದೆ. ಮಳೆ ಚೆನ್ನಾಗಿ ಆದ ವರ್ಷ ಕೋಡಿ ಬೀಳುತ್ತದೆ, ಇಲ್ಲದಿದ್ದರೆ ಕೆರೆಯಂಗಳದಲ್ಲಿ ದನ ಮೇಯುತ್ತಿರುತ್ತವೆ. ಇಲ್ಲಿಂದ ಬಂಗಾರಪೇಟೆಗೆ ಬಂದರೆ ಬೆಂಗಳೂರಿನ ಗಾಡಿಗಳು ಹೆಚ್ಚು. ಸ್ಟೇಷನ್ ಹೊರಗೆ ಬಂಗಾರಪೇಟೆಯ ಬಿಳಿ ನೀರಿನ ಪಾನಿಪೂರಿ ಸಿಗುತ್ತದೆ, ಗಾಡಿಗೆ ಹತ್ತು ನಿಮಿಷ ಇದ್ದರೂ ಸಾಕು.